ಓದುಗರ ಪ್ರಶ್ನೆ, ನಮ್ಮ ಉತ್ತರ: ಕುದುರೆ ಬಿದ್ದ ಕೂಡ್ಲೇ ಪರದೆ ಯಾಕೆ ಹಿಡೀತಾರೆ?

ಈ ಸಲ ಬಂದಿರೋ ಕಾಗದಗಳಲ್ಲಿ ಅರ್ಧಕ್ಕರ್ಧ ಕುದುರೆ ರೇಸ್ ಬಗ್ಗೆನೇ ಇದ್ವು. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು, ಇವತ್ತು ಪೂರ್ತಿ ಕುದುರೆಗಳಿಗೇ ಬಿಡ್ತಿದೀನಿ.

ಪ್ರಶ್ನೆ: ಸರ್, ನಮ್ಮಪ್ಪಂಗೆ ರೇಸ್ ಅಂದ್ರೆ ಪ್ರಾಣ. ಚಿಕ್ಕ ವಯಸ್ಸಿಂದ ಅವರ ಜೊತೆ ಹೋಗಿ ಹೋಗಿ ನಂಗೂ ಅದೇ ಹುಚ್ಚು, ದುಡ್ಡು ಕಟ್ಟೋದು ಕಮ್ಮಿ, ಕುದುರೆ ನೋಡೋದೇ ಜಾಸ್ತಿ. ಹೋದ ವರ್ಷ ಒಂದು ರೇಸಲ್ಲಿ ಕೊನೇ ತಿರುವಲ್ಲಿ ಒಂದು ಕುದುರೆ ಮುಂಗಾಲು ಮುರ್ಕೊಂಡು ನಿಂತುಬಿಡ್ತು, ಕಾಲು ಜೋತಾಡ್ತಿತ್ತು, ಅದು ನೆಲಕ್ಕೆ ಊರಕ್ಕೆ ನೋಡ್ತಿತ್ತು. ಜನ ಓಡಿಬಂದು ಸುತ್ತ ಪರದೆ ಹಿಡಿದ್ರು, ಸ್ವಲ್ಪ ಹೊತ್ತಿಗೆ ಗಾಡಿ ಬಂತು, ಮುಂದಿನ ರೇಸ್ ಟೈಮಿಗೆ ಸರಿಯಾಗಿ ಶುರುವಾಯ್ತು. ಅವತ್ತಿಂದ ಹೋಗಿಲ್ಲ. ಅಪ್ಪ ಕರೀತಾನೇ ಇದಾರೆ. ಇಷ್ಟೆಲ್ಲ ನೋಡಿದ ಮೇಲೂ ರೇಸ್ ಇಷ್ಟ ಪಡೋದು ತಪ್ಪಾ? — ಒಬ್ಬ ಓದುಗರು, ಮೈಸೂರು

ಉತ್ತರ: ನಿಮ್ಮ ಕಾಗದ ಓದಿ ಎರಡು ದಿನ ಸುಮ್ನೆ ಇಟ್ಕೊಂಡಿದ್ದೆ. ನಾನೂ ಇದೇ ತರ ಬೆಳೆದೋನು. ನನ್ನನ್ನ ಮೊದಲು ರೇಸ್‌ಗೆ ಕರ್ಕೊಂಡು ಹೋಗಿದ್ದು ಸೋದರಮಾವ, ನಿಮ್ಮೂರಲ್ಲೇ, ಚಾಮುಂಡಿ ಬೆಟ್ಟದ ಬುಡದಲ್ಲಿ. ಅಲ್ಲಿನ ರೇಸ್ ಕ್ಲಬ್ 1891ರದ್ದು. ದಸರಾ ಟೈಮಲ್ಲಿ ಹಿಂದೆ ಹಸಿರು ಬೆಟ್ಟ, ಮುಂದೆ ಹುಲ್ಲಿನ ಟ್ರ್ಯಾಕು, ಕುದುರೆಗಳು ಹತ್ರ ಬರೋಕೆ ಮುಂಚೆ ಕಾಲಡಿ ನೆಲ ಅದುರೋದು ಗೊತ್ತಾಗತ್ತೆ. ಅದನ್ನ ಒಂದ್ಸಲ ಅನುಭವಿಸಿದೋರಿಗೆ ಮರೆಯೋಕಾಗಲ್ಲ, ನಿಮಗೂ ಆಗಿಲ್ಲ, ಅದಕ್ಕೇ ಈ ಪ್ರಶ್ನೆ ಕೇಳ್ತಿದೀರ.

ಇಷ್ಟ ಪಡೋದು ತಪ್ಪಲ್ಲ. ಡಾಕ್ಟ್ರು ನೋಡೋದು, ಉಳಿಯಲ್ಲ ಅಂದ್ರೆ ಇಂಜೆಕ್ಷನ್ ಕೊಟ್ಟು ಸಾಯಿಸೋದು ಜನರ ಕಣ್ಣಿಗೆ ಬೀಳದಿರಲಿ ಅಂತ ಆ ಪರದೆ. ಅದನ್ನ ಹಿಡಿದಾಗ ಮುಖ ತಿರುಗಿಸಿ ಮುಂದಿನ ರೇಸಿನ ಪುಸ್ತಕ ತೆಗೆಯೋದಿದೆಯಲ್ಲ, ನನ್ನ ಪ್ರಕಾರ ಅದು ತಪ್ಪು, ಆ ತಪ್ಪನ್ನ ನಾನು ಹತ್ತಾರು ವರ್ಷ ಮಾಡಿದೀನಿ. ಕುದುರೆ ಹೆಸರು, ಅದರ ಅಪ್ಪ ಅಮ್ಮ, ಯಾವ ಟ್ರೈನರು, 1200 ಮೀಟರು ಎಷ್ಟು ಸೆಕೆಂಡಲ್ಲಿ ಓಡ್ತು, ಎಲ್ಲ ಬಾಯಿಪಾಠ ಇರ್ತಿತ್ತು. ಬಿದ್ದ ಕುದುರೆ ಬದುಕ್ತಾ ಇಲ್ವಾ ಅಂತ ಒಂದಿನಾನೂ ಯಾರನ್ನೂ ಕೇಳಿರಲಿಲ್ಲ. ಕ್ರಿಕೆಟ್ ನೋಡೋರು ತಮ್ಮ ಬೌಲರ್ ಬೆನ್ನು ನೋವಿಗೆ ಯಾವ ಆಸ್ಪತ್ರೆಗೆ ಹೋದ ಅಂತ ದಿನಾ ಹುಡುಕ್ತಾರೆ. ನಾವು ಮಾತ್ರ ನಮ್ಮ ಆಟಗಾರರ ಬಗ್ಗೆ ಏನೂ ಕೇಳದೆ ಮನೆಗೆ ಹೋಗ್ತೀವಿ.

ಕೇಳಿದ್ರೆ ಏನಾಗತ್ತೆ ಅನ್ನೋದಕ್ಕೆ ಅಮೆರಿಕದ ಉದಾಹರಣೆ ಇದೆ. ಅಲ್ಲಿ 2009ರಿಂದ ರೇಸಲ್ಲಿ ಸತ್ತ ಕುದುರೆಗಳ ಲೆಕ್ಕ ಇಡ್ತಿದಾರೆ. ಒಂದು ಕುದುರೆ ಒಂದು ರೇಸಲ್ಲಿ ಓಡಿದ್ರೆ ಒಂದು ಓಟ, ಮೊದಲ ವರ್ಷ ಅಂಥ ಪ್ರತಿ ಸಾವಿರ ಓಟಕ್ಕೆ 2 ಸಾವು. 2018ರ ಕೊನೆಯಿಂದ 2019ರ ಮಧ್ಯದವರೆಗೆ ಕ್ಯಾಲಿಫೋರ್ನಿಯಾದ ಸಾಂಟಾ ಅನೀಟಾ ಅನ್ನೋ ಒಂದೇ ಕಡೆ ಸುಮಾರು 30 ಕುದುರೆಗಳು ಸತ್ವು, ಪೇಪರು ಟೀವಿಲೆಲ್ಲ ದೊಡ್ಡ ಗಲಾಟೆ ಆಯ್ತು. ಆಮೇಲೆ ಇಡೀ ದೇಶಕ್ಕೆ ಒಂದೇ ಕಾನೂನು ಬಂದು, 2022ರ ಜುಲೈಯಿಂದ ಸುರಕ್ಷತೆ ನಿಯಮ ಜಾರಿಯಾಯ್ತು. 2024ರಲ್ಲಿ ಆ ಕಾನೂನಿನ ಕೆಳಗೆ ಬರೋ ಟ್ರ್ಯಾಕುಗಳಲ್ಲಿ ಸಾವಿರಕ್ಕೆ 0.90ಕ್ಕೆ ಇಳೀತು. ಸೊನ್ನೆ ಆಗಿಲ್ಲ, ಆದ್ರೆ ಅರ್ಧಕ್ಕಿಂತ ಕಮ್ಮಿ. ಲೆಕ್ಕ ಬರೆದಿಟ್ರು, ಎಲ್ಲರ ಎದುರು ಹಾಕಿದ್ರು, ಅಲ್ಲಿಂದ ಕುದುರೆಗಳು ಉಳಿಯೋಕೆ ಶುರುವಾದ್ವು. ನಮ್ಮ ಕ್ಲಬ್‌ಗಳೂ ಪ್ರತಿ ಸೀಸನ್ ಮುಗಿದಾಗ ಎಷ್ಟು ಕುದುರೆ ಓಡಿದ್ವು, ಎಷ್ಟಕ್ಕೆ ಪೆಟ್ಟಾಯ್ತು, ಎಷ್ಟು ಸತ್ವು, ಯಾವ ಕಾರಣಕ್ಕೆ ಅಂತ ಒಂದು ಹಾಳೆ ಬರೆದು ಗೇಟಲ್ಲಿ ಅಂಟಿಸ್ಲಿ. ಟಿಕೆಟ್ ಕೊಟ್ಟು ಒಳಗೆ ಹೋಗೋ ನಮಗೆ ಅದನ್ನ ಕೇಳೋ ಹಕ್ಕಿದೆ. ಅಪ್ಪನ ಜೊತೆ ಹೋಗಿ, ಆದ್ರೆ ಈ ಪ್ರಶ್ನೆ ಕೇಳೋಕೆ ಅಂತ ಹೋಗಿ. ಅಪ್ಪನ ಕೈಲೂ ಕೇಳಿಸಿ, ಹಳೇ ಮೆಂಬರುಗಳ ಮಾತು ಜಾಸ್ತಿ ನಡೆಯತ್ತೆ.

ಪ್ರಶ್ನೆ: ನಮ್ಮ ಹಟ್ಟೀಲಿ ಹಸು ಕಾಲು ಮುರ್ಕೊಂಡ್ರೆ ಡಾಕ್ಟ್ರು ಪಟ್ಟಿ ಕಟ್ತಾರೆ, ನಾಯಿ ಮೂರು ಕಾಲಲ್ಲಿ ಆರಾಮಾಗಿ ಓಡಾಡತ್ತೆ. ಲಕ್ಷಗಟ್ಲೆ ಬೆಲೆಯ ಕುದುರೆಗೆ ಯಾಕೆ ಇಂಜೆಕ್ಷನ್ ಕೊಟ್ಟು ಸಾಯಿಸ್ತಾರೆ? ದುಡ್ಡು ಉಳ್ಸೋಕಾ? — ಓದುಗರು, ಕುಣಿಗಲ್

ಉತ್ತರ: ಕುಣಿಗಲ್‌ನೋರು ಇದನ್ನ ಕೇಳಿದ್ದು ಖುಷಿಯಾಯ್ತು. ಹೈದರ್ ಅಲಿ, ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕ್ತಿದ್ದ ಊರು ನಿಮ್ದು, ಅದೇ ಫಾರ್ಮಲ್ಲಿ ಆಮೇಲೆ ರೇಸ್ ಕುದುರೆಗಳು ಹುಟ್ಟಿ ಬೆಳೆದ್ವು.

ದುಡ್ಡಿನ ಲೆಕ್ಕಾಚಾರ ಕೆಲವು ಸಲ ಇರತ್ತೆ, ಇಲ್ಲ ಅನ್ನಲ್ಲ. ಆದ್ರೆ ದೊಡ್ಡ ಕಾರಣ ಕುದುರೆ ಮೈಕಟ್ಟೇ. ಮುಂಗಾಲಿನ ಮಂಡಿಯಿಂದ ಕೆಳಗೆ ಮಾಂಸಖಂಡ ಇಲ್ವೇ ಇಲ್ಲ, ಬರೀ ಮೂಳೆ, ನರದಂಥ ಸ್ನಾಯುಬಂಧ, ಮೇಲೆ ಚರ್ಮ. ರಕ್ತ ಓಡಾಟ ಕಮ್ಮಿ, ಮುರಿದ ಮೂಳೆ ಚರ್ಮ ಹರ್ಕೊಂಡು ಹೊರಗೆ ಬಂದ್ರಂತೂ ಕೀವಾಗದೆ ಉಳಿಯೋದು ಕಷ್ಟ. ಮೈತೂಕ 450ರಿಂದ 500 ಕೆಜಿ. ಜೋರಾಗಿ ಓಡುವಾಗ ಒಂದೊಂದು ಹೆಜ್ಜೇಲಿ ಒಂದೇ ಮುಂಗಾಲು ತನ್ನ ಮೈತೂಕದ ಎರಡೂವರೆ ಪಟ್ಟು ಹೊರತ್ತೆ, ಅದೂ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ. ಹಾಗಾಗಿ ಮುರಿದಾಗ ಕಡ್ಡಿ ಮುರಿದ ಹಾಗೆ ಮುರಿಯಲ್ಲ, ಚೂರುಚೂರಾಗತ್ತೆ.

ಸರಿ, ಆಪರೇಷನ್ ಮಾಡಿ ಪ್ಲೇಟು ಸ್ಕ್ರೂ ಹಾಕಿದ್ರು ಅಂತಾನೇ ಇಟ್ಕೊಳ್ಳಿ. ಕುದುರೆ ತಿಂಗಳುಗಟ್ಲೆ ಮಲ್ಕೊಂಡಿರೋ ಪ್ರಾಣಿ ಅಲ್ಲ, ತುಂಬ ಹೊತ್ತು ಮಲಗಿದ್ರೆ ತನ್ನ ಭಾರಕ್ಕೇ ಮಾಂಸಖಂಡ, ಶ್ವಾಸಕೋಶ ಕೆಡತ್ತೆ. ನಿಂತ್ರೆ ಭಾರ ಎಲ್ಲ ಚೆನ್ನಾಗಿರೋ ಕಾಲುಗಳ ಮೇಲೆ. ಗೊರಸಿನ ಗೋಡೆಯನ್ನೂ ಒಳಗಿನ ಮೂಳೆಯನ್ನೂ ಹಿಡಿದಿಟ್ಟಿರೋ ತೆಳು ಪದರ ಒಂದಿದೆ, ಭಾರ ಜಾಸ್ತಿಯಾಗಿ ಅಲ್ಲಿಗೆ ರಕ್ತ ಹೋಗದಿದ್ರೆ ಅದು ಕಿತ್ತುಕೊಂಡು ಬರತ್ತೆ, ಲ್ಯಾಮಿನೈಟಿಸ್ ಅಂತಾರೆ ಅದಕ್ಕೆ. ನಮ್ಮ ಉಗುರು ಬೆರಳಿಂದ ಬಿಟ್ಟುಬಂದು ಅದರ ಮೇಲೇ ನಿಂತ್ಕೋಬೇಕು ಅಂದ್ರೆ ಹೇಗಿರತ್ತೆ ಯೋಚಿಸಿ. 2006ರಲ್ಲಿ ಕೆಂಟಕಿ ಡರ್ಬಿ ಗೆದ್ದ ಬಾರ್ಬರೊ ಅನ್ನೋ ಕುದುರೆ ಎರಡೇ ವಾರದಲ್ಲಿ ಇನ್ನೊಂದು ದೊಡ್ಡ ರೇಸಲ್ಲಿ ಹಿಂಗಾಲು ಮುರ್ಕೊಳ್ತು. ಅದರ ಮಾಲೀಕರು ಖರ್ಚಿಗೆ ಹಿಂದೆ ಮುಂದೆ ನೋಡಲಿಲ್ಲ, ಒಳ್ಳೇ ಆಸ್ಪತ್ರೆ, ಒಳ್ಳೇ ಸರ್ಜನ್, ಎಂಟು ತಿಂಗಳು ಒದ್ದಾಡಿದ್ರು. ಕೊನೆಗೆ ಬೇರೆ ಕಾಲುಗಳಿಗೆ ಲ್ಯಾಮಿನೈಟಿಸ್ ಬಂದು 2007ರ ಜನವರೀಲಿ ಅದನ್ನ ಸಾಯಿಸಲೇಬೇಕಾಯ್ತು. ಹಾಗಾಗಿ ಪರದೆ ಹಿಂದೆ ಇಂಜೆಕ್ಷನ್ ಕೊಡೋ ಡಾಕ್ಟ್ರು ಆ ಗಳಿಗೇಲಿ ಕುದುರೆಗೆ ದಯೆನೇ ತೋರಿಸ್ತಿರ್ತಾರೆ.

ಕೇಳ್ಬೇಕಾದ ಪ್ರಶ್ನೆ ಅದಕ್ಕಿಂತ ಹಿಂದಿನದು. ಹೀಗೆ ಸತ್ತ ಕುದುರೆಗಳ ಮರಣೋತ್ತರ ಪರೀಕ್ಷೆ ಕ್ಯಾಲಿಫೋರ್ನಿಯಾದಲ್ಲಿ 1990ರಿಂದ ಮಾಡ್ತಾ ಬಂದಿದಾರೆ, ಹೆಚ್ಚಿನವುಗಳಲ್ಲಿ ಆ ಮೂಳೆ ಅವತ್ತೇ ಮುರಿದಿದ್ದಲ್ಲ, ವಾರಗಳ ಮುಂಚೆನೇ ಸಣ್ಣ ಸಣ್ಣ ಬಿರುಕು ಬಿಟ್ಟಿತ್ತು ಅಂತ ಕಂಡುಬಂತು. ಅಂದ್ರೆ ಕುದುರೆ ಮುಂಚೆನೇ ಹೇಳ್ತಿತ್ತು, ಸ್ವಲ್ಪ ಕುಂಟ್ತಿತ್ತು, ಹೆಜ್ಜೆ ಚಿಕ್ಕದಾಗಿ ಹಾಕ್ತಿತ್ತು, ಆ ಸಣ್ಣ ಕುಂಟು ಮೊದಲು ಕಾಣೋದು ದಿನಾ ಮೈ ತಿಕ್ಕೋ ಕುದುರೆ ಆಳಿಗೆ, ಅಂದ್ರೆ ಸಾಯಿಸ್‌ಗೇನೇ. ನೋವಿನ ಮಾತ್ರೆ ಕೊಟ್ಟು ಓಡಿಸಿದ್ರೆ ಆ ಮಾತು ಮುಚ್ಚಿಹೋಗತ್ತೆ. ಸಾಂಟಾ ಅನೀಟಾದಲ್ಲಿ 2019ರ ಕೊನೇಲಿ ಕುದುರೆ ನಿಂತಿರೋ ಹಾಗೇ ಕಾಲಿನ ಸ್ಕ್ಯಾನ್ ಮಾಡೋ ಮಷೀನ್ ತಂದ್ರು. ನಮ್ಮಲ್ಲಿ ಅಷ್ಟು ದೊಡ್ಡ ಮಷೀನ್ ಬರೋತನಕ ಕಾಯೋದೂ ಬೇಡ, ಸಾಯಿಸ್ ಬಂದು "ಸಾರ್, ಇವತ್ತು ಇದು ಸರಿ ಇಲ್ಲ" ಅಂದ್ರೆ ಅವನ ಕೆಲಸ ಹೋಗಬಾರದು, ಅವನ ಮಾತು ಕೇಳಿ ಕುದುರೆಯನ್ನ ರೇಸಿಂದ ತೆಗೀಬೇಕು. ಇಷ್ಟಾದ್ರೂ ಎಷ್ಟೋ ಕಾಲು ಉಳಿಯತ್ತೆ.

ಪ್ರಶ್ನೆ: ಚಾಟಿ ಈಗ ಮೆತ್ತಗಿದೆ, ಕುದುರೆಗೆ ದಪ್ಪ ಚರ್ಮ, ನೋವಾಗಲ್ಲ ಅಂತ ನಮ್ಮ ಅಂಕಲ್ ವಾದ ಮಾಡ್ತಾರೆ. ನಿಜಾನಾ? — ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಚಾಟಿ ಮೆತ್ತಗಿದೆ ಅನ್ನೋದು ನಿಜ, 2001ರ ಪ್ರದರ್ಶನ ಪ್ರಾಣಿಗಳ ನಿಯಮದ ಪ್ರಕಾರ ರೇಸಲ್ಲಿ ಗಾಳಿಯ ಮೆತ್ತೆ ಇರೋ ಚಾಟಿನೇ ಬಳಸಬೇಕು. ದಪ್ಪ ಚರ್ಮದ ಕಥೆ ಸುಳ್ಳು. 2020ರಲ್ಲಿ ಆಸ್ಟ್ರೇಲಿಯಾದಲ್ಲಿ ಕುದುರೆ ಚರ್ಮವನ್ನೂ ಮನುಷ್ಯರ ಚರ್ಮವನ್ನೂ ಮೈಕ್ರೋಸ್ಕೋಪಲ್ಲಿಟ್ಟು ಹೋಲಿಸಿ ನೋಡಿದ್ರು, ಮೇಲ್ಪದರದ ದಪ್ಪದಲ್ಲಾಗಲಿ ಅಲ್ಲಿರೋ ನೋವಿನ ನರಗಳಲ್ಲಾಗಲಿ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಸಿಗಲಿಲ್ಲ. ಅಷ್ಟೆಲ್ಲ ಬೇಡ, ಕುದುರೆ ಮೈ ಮೇಲೆ ಒಂದು ನೊಣ ಕೂತ್ರೆ ಆ ಜಾಗದ ಚರ್ಮ ಮಾತ್ರ ಹೇಗೆ ಪಟಪಟ ಅದುರತ್ತೆ ನೋಡಿ, ಅಂಕಲ್‌ಗೂ ತೋರಿಸಿ. ನಾರ್ವೇಲಿ 1982ರಲ್ಲೇ ಓಡಿಸೋಕೆ ಅಂತ ಹೊಡೆಯೋದನ್ನ ನಿಲ್ಲಿಸಿದ್ರು, ಅಲ್ಲಿ ಇವತ್ತಿಗೂ ರೇಸ್ ನಡೀತಿದೆ. ಬ್ರಿಟನ್ನಲ್ಲಿ 2023ರಿಂದ ಸಾದಾ ರೇಸಲ್ಲಿ 6 ಏಟು, ಹರ್ಡಲ್ಸ್ ಇರೋದ್ರಲ್ಲಿ 7, ಅದರ ಮೇಲೆ ನಾಲ್ಕು ಜಾಸ್ತಿಯಾದ್ರೆ ಗೆದ್ದ ಕುದುರೆನೂ ಔಟ್. ನನ್ನ ಕೇಳಿದ್ರೆ ಚಾಟಿ ಕೈಲಿರಲಿ, ಕುದುರೆ ಅಡ್ಡ ಹೋದಾಗ ಪಕ್ಕದವರ ಪ್ರಾಣ ಉಳಿಸೋಕೆ ಬೇಕಾಗತ್ತೆ. ಗೆಲ್ಲೋಕೆ ಅಂತ ಒಂದೇಟೂ ಬೇಡ. ಎಲ್ಲರೂ ಕೆಳಗಿಟ್ರೆ ಯಾರಿಗೂ ನಷ್ಟ ಇಲ್ಲ, ಫೋಟೋ ಫಿನಿಶ್ ಆಗಲೂ ಬರತ್ತೆ.

ಪ್ರಶ್ನೆ: ಕಂಬಳಕ್ಕೆ ನಾವು ವರ್ಷಗಟ್ಲೆ ಕೋರ್ಟು ಅಲೆದ್ವಿ. ರೇಸ್‌ನೋರನ್ನ ಯಾಕೆ ಯಾರೂ ಕೇಳಲ್ಲ? — ಓದುಗರು, ಮೂಡುಬಿದಿರೆ

ಉತ್ತರ: ನಿಮ್ಮ ಸಿಟ್ಟು ನ್ಯಾಯವೇ. 2011ರಲ್ಲಿ ಕೇಂದ್ರ ಸರ್ಕಾರ ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಗೂಳಿಯನ್ನ ಸೇರಿಸ್ತು, 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ನಿಲ್ಲಿಸ್ತು, ಅದರ ಬಿಸಿ ನಿಮ್ಮ ಕೋಣಗಳಿಗೂ ತಟ್ಟಿತು. ಆಮೇಲೆ ನಮ್ಮ ರಾಜ್ಯ ತಿದ್ದುಪಡಿ ಕಾನೂನು ಮಾಡಿ, 2023ರ ಮೇನಲ್ಲಿ ಸುಪ್ರೀಂ ಕೋರ್ಟೇ ಅದನ್ನ ಒಪ್ಕೊಳ್ತು. ಕುದುರೆ ಆ ಪಟ್ಟಿಗೆ ಬರಲೇ ಇಲ್ಲ. 1996ರಲ್ಲಿ ರೇಸ್ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗಲೂ ಅಲ್ಲಿ ತೀರ್ಮಾನ ಆಗಿದ್ದು ಇದು ಜೂಜೋ ಕೌಶಲವೋ ಅನ್ನೋದು. ಕೌಶಲ ಅಂತ ತೀರ್ಪು ಬಂತು. ದುಡ್ಡು ಕಟ್ಟೋರ ಜಾಣತನದ ಬಗ್ಗೆ ಅಷ್ಟು ದೊಡ್ಡ ಚರ್ಚೆ ಆಯ್ತು, ಕುದುರೆ ಕಾಲಿನ ಬಗ್ಗೆ ಆಗಲಿಲ್ಲ. ರೇಸ್ ಪ್ರೀತಿಸೋ ನಂಗೆ ಇದು ಸಂಕಟದ ವಿಷಯ. ಕಂಬಳದಲ್ಲಿ ಕೋಣಕ್ಕೆ ಏಟು ಬಿತ್ತಾ ಅಂತ ನೋಡೋ ಕಣ್ಣು ರೇಸ್ ಕುದುರೆ ಮೇಲೂ ಅಷ್ಟೇ ಇರಬೇಕು, ಕಮ್ಮಿ ಇರೋಕೆ ಯಾವ ಕಾರಣಾನೂ ಇಲ್ಲ.

ಪ್ರಶ್ನೆ: ಓಡೋದು ನಿಂತ ಮೇಲೆ ಕುದುರೆಗಳು ಎಲ್ಲಿಗೆ ಹೋಗ್ತಾವೆ? — ಗೃಹಿಣಿ, ಹುಬ್ಬಳ್ಳಿ

ಉತ್ತರ: ಚೆನ್ನಾಗಿ ಗೆದ್ದವು, ಒಳ್ಳೇ ತಳಿಯವು ಮರಿ ಮಾಡಿಸೋ ಸ್ಟಡ್ ಫಾರ್ಮ್‌ಗೆ. 1970ರ ದಶಕದಲ್ಲಿ ಸ್ಕ್ವಾಂಡರರ್ ಅನ್ನೋ ಕುದುರೆ 19 ರೇಸಲ್ಲಿ 18 ಗೆದ್ದಿತ್ತು, ಅಂಥವಕ್ಕೆ ಚಿಂತೆ ಇಲ್ಲ. ಆದ್ರೆ ಅಂಥವು ಎಷ್ಟು? ಉಳಿದವು ರೈಡಿಂಗ್ ಸ್ಕೂಲಿಗೆ, ಪೊಲೀಸ್ ಲಾಯಕ್ಕೆ, ಇನ್ನು ಕೆಲವು ಕೈಯಿಂದ ಕೈಗೆ ಮಾರಾಟ ಆಗ್ತಾ ಆಗ್ತಾ ಮದುವೆ ಮೆರವಣಿಗೆ, ಬೀಚಲ್ಲಿ ಮಕ್ಕಳನ್ನ ಕೂರಿಸೋದು, ಹೀಗೆ. ಹಾವಿನ ವಿಷಕ್ಕೆ ಕೊಡೋ ಔಷಧಿನೂ ಕುದುರೆ ರಕ್ತದಿಂದಾನೇ ತಯಾರಾಗೋದು, ಆ ಲಾಯಗಳಿಗೂ ಕೆಲವು ಕುದುರೆಗಳು ಹೋಗ್ತಾವೆ.

ಲೆಕ್ಕ ಹಾಕಿ ನೋಡಿ. ಎರಡು ವರ್ಷಕ್ಕೆ ಓಡೋಕೆ ಶುರು, ಐದಾರು ವರ್ಷಕ್ಕೆ ಮುಗೀತು. ಆಯಸ್ಸು 25 ವರ್ಷ, ಚೆನ್ನಾಗಿ ನೋಡ್ಕೊಂಡ್ರೆ ಇನ್ನೂ ಜಾಸ್ತಿ. ಅಂದ್ರೆ ಬದುಕಿನ ಮುಕ್ಕಾಲು ಪಾಲು ರೇಸ್ ಮುಗಿದ ಮೇಲಿಂದು. ಓಡೋ ವರ್ಷಗಳಲ್ಲೂ ದಿನದ ಹೆಚ್ಚು ಹೊತ್ತು ಲಾಯದೊಳಗೆ ಒಂಟಿಯಾಗಿ ಕಟ್ಟಿಹಾಕಿರ್ತಾರೆ. ದಿನಕ್ಕೆ ಹದಿನೈದು ಹದಿನಾರು ಗಂಟೆ ಮೇಯೋ ಪ್ರಾಣಿಗೆ ಎರಡು ಮೂರು ಹೊತ್ತು ಕಾಳು ಓಟ್ಸ್ ಕೊಟ್ಟು ಬಿಟ್ರೆ ಖಾಲಿ ಹೊಟ್ಟೇಲಿ ಆಸಿಡ್ ತುಂಬ್ಕೊಂಡು ಹುಣ್ಣಾಗತ್ತೆ, ತರಬೇತೀಲಿರೋ ಕುದುರೆಗಳಲ್ಲಿ ಬಹುಪಾಲಿಗೆ ಈ ಹುಣ್ಣು ಇರತ್ತೆ. ಮುಂದೆ ಸದಾ ಒಣಹುಲ್ಲು, ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಇರಲಿ, ದಿನಾ ಒಂದು ಗಂಟೆ ಇನ್ನೊಂದು ಕುದುರೆ ಜೊತೆ ಬಯಲಲ್ಲಿ ಬಿಡ್ಲಿ, ಇದಕ್ಕೆ ಕೋಟಿ ಬೇಕಾಗಿಲ್ಲ. ಬ್ರಿಟನ್ನಲ್ಲಿ 2000ದಲ್ಲೇ ನಿವೃತ್ತ ರೇಸ್ ಕುದುರೆಗಳಿಗೆ ಅಂತ ಒಂದು ಸಂಸ್ಥೆ ಮಾಡಿದ್ರು. ಇಲ್ಲೂ ಪ್ರತಿ ರೇಸಿನ ಬಹುಮಾನದಲ್ಲಿ ಒಂದು ಪಾಲು ಎತ್ತಿಟ್ರೆ ಆಗತ್ತೆ, ಗೆದ್ದ ಮಾಲೀಕರಿಗೆ ಅದು ಭಾರ ಅಲ್ಲ.

ಪ್ರಶ್ನೆ: ನಂಗೆ 19 ವರ್ಷ. ಜೂಜು ಬೇಡ, ಕುದುರೆ ನೋಡೋದು ಕಲೀಬೇಕು. ಎಲ್ಲಿಂದ ಶುರು ಮಾಡ್ಲಿ? — ಓದುಗ, ಬೆಂಗಳೂರು

ಉತ್ತರ: ರೇಸ್ ಶುರುವಾಗೋಕೆ ಅರ್ಧ ಗಂಟೆ ಮುಂಚೆ ಪ್ಯಾಡಕ್ (ಓಡೋಕೆ ಮುಂಚೆ ಕುದುರೆಗಳನ್ನ ನಡೆಸಿ ತೋರಿಸೋ ಜಾಗ) ಹತ್ರ ಹೋಗಿ ನಿಂತ್ಕೊಳ್ಳಿ, ಬುಕ್ಕಿಗಳ ಕಡೆ ಹೋಗ್ಬೇಡಿ. ಕಿವಿ ಮುಂದಕ್ಕಿದೆಯಾ ಹಿಂದಕ್ಕಿದೆಯಾ, ನಡೆಯುವಾಗ ನಾಲ್ಕೂ ಕಾಲು ಒಂದೇ ತಾಳದಲ್ಲಿ ಬೀಳ್ತಿದೆಯಾ, ತೊಡೆ ಸಂದೀಲಿ ಬೆವರು ನೊರೆ ಬಂದಿದೆಯಾ, ಸಾಯಿಸ್ ಕೈಗೆ ಮೂತಿ ತಿಕ್ಕತ್ತಾ, ಇಷ್ಟು ನೋಡ್ತಾ ಹೋಗಿ. ಓಡುವಾಗ ಒಂದು ಹೆಜ್ಜೆಗೆ ಒಂದೇ ಉಸಿರು ತಗೊಳತ್ತೆ ಕುದುರೆ, ಬೇಲಿ ಪಕ್ಕ ನಿಂತ್ರೆ ಆ ಉಸಿರಿನ ಸದ್ದು ಕೇಳಿಸತ್ತೆ. ಒಂದು ಸೀಸನ್‌ಗೆ ಒಂದೇ ಕುದುರೆ ಆರಿಸ್ಕೊಳ್ಳಿ, ಗೆಲ್ಲೋದೇ ಆಗ್ಬೇಕಂತಿಲ್ಲ. ಒಂದು ನೋಟ್‌ಬುಕ್ಕಲ್ಲಿ ಅದರ ಹೆಸರು, ಓಡಿದ ತಾರೀಖು, ದೂರ, ಎಷ್ಟನೇದು ಬಂತು, ಎಷ್ಟು ದಿನ ರೆಸ್ಟ್ ಸಿಕ್ತು ಅಂತ ಬರ್ಕೊಳ್ಳಿ. ಪುಟದ ಕೊನೇಲಿ "ಈಗ ಎಲ್ಲಿದೆ" ಅಂತ ಒಂದು ಸಾಲು ಖಾಲಿ ಬಿಡಿ, ಅದು ಓಡೋದು ನಿಲ್ಲಿಸಿದ ದಿನ ಟ್ರೈನರ್ ಆಫೀಸಿಗೆ ಫೋನ್ ಮಾಡಿ ಕೇಳಿ ಅದನ್ನ ತುಂಬಿಸಿ.