ಹಪ್ಪಳ, ಉಪ್ಪಿನಕಾಯಿಗೆ ವೆಬ್‌ಸೈಟ್ ಬೇಕಾ ಅಂತ ಕೇಳಿದ ಸಾಗರದ ಅಕ್ಕಂಗೆ

ಅಕ್ಕಾ, ನಿನ್ನೆ ರಾತ್ರಿನೇ ನಿಮ್ ಪ್ರಶ್ನೆ ನೋಡಿದ್ದೆ, ಇಷ್ಟುದ್ದ ಟೈಪ್ ಮಾಡೋ ತ್ರಾಣ ಇರ್ಲಿಲ್ಲ ಬಿಟ್ಟಿದ್ದೆ. ನೀವು ಕೇಳಿದ್ದು ಇಷ್ಟು ತಾನೆ: ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮೂರು ವರ್ಷದಿಂದ ವಾಟ್ಸಾಪಲ್ಲೇ ಮಾರ್ತಿದೀರಿ, ಈಗ ಬೆಂಗಳೂರಿನ ಒಬ್ರು ವೆಬ್‌ಸೈಟಿಗೆ 45 ಸಾವಿರ ಹೇಳಿದಾರೆ, ನಿಮಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ, ಮಾಡಿಸ್ಬೇಕಾ ಬೇಡ್ವಾ. ಇಲ್ಲೇ ಮೇಲಿನ ಕಾಮೆಂಟಲ್ಲಿ ಕೆಲವ್ರು ಸೈಟೆಲ್ಲಾ ದಂಡ, ಇನ್‌ಸ್ಟಾಗ್ರಾಂ ಸಾಕು ಅಂದಿದಾರೆ. ನಂಗೆ ಹಾಗನ್ಸಲ್ಲ. ಸೈಟು ಬೇಕು, ಆದ್ರೆ 45 ಸಾವಿರದ್ದು ಈಗ ಬೇಡ.

ಮೊದ್ಲು ನನ್ನ ಕಥೆ ಕೇಳಿ. 2021ರಲ್ಲಿ ನಮ್ ಕಡೆ ಬಾಕಾಹು ಅಂತ ಎಲ್ರೂ ಬಾಳೆಕಾಯಿ ಹುಡಿ ಮಾಡಿದ್ರಲ್ಲ, ಆಗ ನಾವೂ ಶುರು ಮಾಡಿದ್ದು, ಜೊತೆಗೆ ಮುರುಗಲ ಸಿಪ್ಪೆ, ಕಾಳುಮೆಣಸು. ಫೋನ್ ಮೇಲೆ ಫೋನ್ ಬರ್ತಿತ್ತು, ಆ ಹುಮ್ಮಸ್ಸಲ್ಲಿ ಪರಿಚಯದವ್ರೊಬ್ರ ಹತ್ರ ವೆಬ್‌ಸೈಟ್ ಮಾಡಿಸ್ದೆ, ದುಡ್ಡು ಕೊಟ್ಟೆ, ಚೆನ್ನಾಗೇ ಮಾಡಿದ್ರು, ಸುಳ್ಳು ಹೇಳ್ಬಾರ್ದು. ವಿಳಾಸನ ಲೇಬಲ್ ಮೇಲೆ ಕ್ಯೂಆರ್ ಕೋಡ್ ಮಾಡಿ ಐದು ಸಾವಿರ ಲೇಬಲ್ ಪ್ರಿಂಟ್ ಹಾಕಿಸ್ದೆ. ಒಂದು ವರ್ಷ ಆದ್ಮೇಲೆ ಸೈಟು ತೆಗೀತಿಲ್ಲ, ಅವ್ರು ಫೋನ್ ಎತ್ತಲ್ಲ. ಆಮೇಲೆ ಗೊತ್ತಾಯ್ತು ಡೊಮೇನ್, ಅಂದ್ರೆ ಸೈಟಿನ ವಿಳಾಸದ ಹೆಸರು, ಇದ್ದಿದ್ದು ಅವ್ರ ಹೆಸರಲ್ಲಿ, ಅವ್ರ ಇಮೇಲಲ್ಲಿ, ರಿನ್ಯೂ ಮಾಡಿ ಅಂತ ಬಂದ ಮೆಸೇಜೆಲ್ಲ ಅವ್ರಿಗೇ ಹೋಗಿದೆ. ಕೊನೆಗೆ ಆ ಹೆಸರನ್ನ ಬೇರೆ ಯಾರೋ ತಗೊಂಡ್ರು, ನಮ್ ಲೇಬಲ್ ಸ್ಕ್ಯಾನ್ ಮಾಡಿದ್ರೆ ಜೂಜಾಟದ ಜಾಹೀರಾತು ಬರ್ತಿತ್ತು! ಮೈಸೂರಿನ ಒಬ್ಬ ಅಜ್ಜಿ ಫೋನ್ ಮಾಡಿ ಬೈದ್ರು. ಉಳಿದ ಲೇಬಲ್ ಎಲ್ಲಾ ಬಚ್ಚಲ ಒಲೆಗೆ ಹೋಯ್ತು.

ಅದಕ್ಕೇ ಹೇಳೋದು, ತೋಟ ನೀವು ಮಾಡಿ ಪಹಣಿ ಇನ್ನೊಬ್ರ ಹೆಸರಲ್ಲಿದ್ರೆ ಹೆಂಗೋ ಇದೂ ಹಂಗೆ. ಡೊಮೇನೇ ಪಹಣಿ. ಹೋಸ್ಟಿಂಗ್ ಅಂದ್ರೆ ಸೈಟ್ ಕೂತ್ಕೊಳ್ಳೋ ಜಾಗ, ಅದು ಬಾಡಿಗೆ ಮನೆ, ಸರಿಬರ್ದಿದ್ರೆ ಖಾಲಿ ಮಾಡಿ ಬೇರೆ ಕಡೆ ಹೋಗ್ಬಹುದು. ಮನೆ ಕಟ್ಟೋ ಮೇಸ್ತ್ರಿ ಯಾರಾದ್ರೂ ಆಗ್ಲಿ, ಡೊಮೇನ್ ಮಾತ್ರ ನೀವೇ ಕೂತು, ನಿಮ್ ಇಮೇಲು, ನಿಮ್ ಫೋನ್ ನಂಬರ್, ನಿಮ್ ದುಡ್ಡಲ್ಲಿ ತಗೊಳ್ಳಿ. ಅದಕ್ಕೆ ಅಂತ್ಲೇ ಒಂದು ಹೊಸ ಜಿಮೇಲ್ ಮಾಡ್ಕೊಳಿ, ಅಳಿಯನ ಇಮೇಲು, ಮಗಳ ಕಾಲೇಜಿನ ಇಮೇಲು ಹಾಕ್ಬೇಡಿ, ಪಾಸ್‌ವರ್ಡ್ ನೋಟ್‌ಬುಕ್ಕಲ್ಲಿ ಬರೆದು ಪಹಣಿ ಜೊತೆಗೇ ಇಡಿ. ಡಾಟ್ ಇನ್ ಆದ್ರೆ ವರ್ಷಕ್ಕೆ ಸಾವಿರದ ಆಸುಪಾಸು. ಮೊದಲನೇ ವರ್ಷ ಅಗ್ಗದಲ್ಲಿ ತೋರಿಸ್ತಾರೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ ರಿನ್ಯೂವಲ್ ರೇಟ್ ಇರತ್ತೆ, ನೋಡ್ಬೇಕಾದ್ದು ಅದನ್ನ. ಹೋಸ್ಟಿಂಗಿಗೂ ಇದೇ ಕಥೆ. ನಂಗೀಗ ಎರಡೂ ಸೇರಿ ವರ್ಷಕ್ಕೆ ಐದು ಸಾವಿರದ ಒಳಗೆ ಆಗ್ತಿದೆ.

ಹೆಸರು ಆರ್ಸೋವಾಗ ಒಂದ್ ಕೆಲ್ಸ ಮಾಡಿ. ನಿಮ್ ಭಾವಂಗೋ ಮೈದುನಂಗೋ ಫೋನಲ್ಲಿ ಹೆಸರು ಹೇಳಿ, ಇಂಗ್ಲಿಷಲ್ಲಿ ಟೈಪ್ ಮಾಡಿ ಕಳ್ಸು ಅನ್ನಿ. ಮೂರು ಜನ ಮೂರು ಥರ ಬರೆದ್ರೆ ಆ ಹೆಸರು ಬಿಟ್ಬಿಡಿ. ನಮ್ ಕನ್ನಡದ ದೀರ್ಘ, ಒತ್ತಕ್ಷರ ಇಂಗ್ಲಿಷಿಗೆ ಹೋದ್ರೆ ಯಾರು ಹೆಂಗೆ ಬರೀತಾರೆ ದೇವ್ರಿಗೇ ಗೊತ್ತು, ನನ್ ಮೊದಲ ಹೆಸರಲ್ಲಿ ಎರಡು ಒತ್ತಕ್ಷರ ಇತ್ತು. ಕನ್ನಡದಲ್ಲೇ ಡಾಟ್ ಭಾರತ ಅಂತಾನೂ ವಿಳಾಸ ಸಿಗತ್ತೆ, ಆಸೆ ಆಗತ್ತೆ ನಿಜ, ಆದ್ರೆ ಬೆಂಗಳೂರಲ್ಲಿರೋ ಗಿರಾಕಿ ಕನ್ನಡ ಕೀಬೋರ್ಡ್ ಹಾಕ್ಕೊಂಡು ಟೈಪ್ ಮಾಡಲ್ಲ, ಬೇಕಿದ್ರೆ ಎರಡನೇದಾಗಿ ಇಟ್ಕೊಳಿ. ಹಂಗೇ ಟ್ರೇಡ್‌ಮಾರ್ಕಿನ ಸರ್ಕಾರಿ ಸೈಟಲ್ಲಿ ಪುಕ್ಕಟೆ ಹುಡುಕಬಹುದು, ಅದೇ ಹೆಸರು ಬೇರೆ ಯಾರಾದ್ರೂ ತಿಂಡಿ ತಿನಿಸಿಗೆ ಮಾಡಿಸ್ಕೊಂಡಿದಾರಾ ನೋಡ್ಕೊಳಿ, ಲೇಬಲ್ ಪ್ರಿಂಟ್ ಆಗೋ ಮುಂಚೆ.

ಇನ್ನು ಸೈಟಲ್ಲಿ ಏನಿರ್ಬೇಕು. ನಿಮಗೆ ಈಗ ಅಂಗಡಿ ಥರದ ಸೈಟ್ ಬೇಡ, ಕಾರ್ಟು ಗೀರ್ಟು ಬೇಡ. ಐದು ಪುಟ ಸಾಕು: ಮೊದಲ ಪುಟ, ಏನೇನ್ ಮಾಡ್ತೀರಿ, ನೀವ್ ಯಾರು, ಕಳ್ಸೋದು ಹೆಂಗೆ ಮತ್ತೆ ವಾಪಸ್ ಹೆಂಗೆ, ಸಂಪರ್ಕ. ಪ್ರತಿ ಪುಟದಲ್ಲೂ ಒಂದು ವಾಟ್ಸಾಪ್ ಬಟನ್, ಒತ್ತಿದ್ರೆ ನಿಮಗೇ ಮೆಸೇಜ್ ಬರೋ ಥರ. ಆರ್ಡರ್ ಈಗಿನ ಹಾಗೇ ವಾಟ್ಸಾಪಲ್ಲೇ ನಡೀಲಿ, ವಾಟ್ಸಾಪ್ ಬಿಸಿನೆಸ್ಸಲ್ಲಿ ಕ್ಯಾಟಲಾಗ್ ಪುಕ್ಕಟೆ ಇದೆ. ಸೈಟ್ ಯಾಕೆ ಮತ್ತೆ ಅಂದ್ರೆ, ಹೊಸಬ್ರು ದುಡ್ಡು ಹಾಕೋ ಮುಂಚೆ ಇವ್ರು ನಿಜವಾದ ಜನನಾ ಅಂತ ಗೂಗಲಲ್ಲಿ ಹುಡುಕ್ತಾರೆ, ಆಗ ಸಿಗ್ಬೇಕು ನೀವು.

ಬರಿ ಇನ್‌ಸ್ಟಾಗ್ರಾಂ ಸಾಕು ಅನ್ನೋರಿಗೆ: ಗೂಗಲ್‌ನವ್ರೇ ಮೊದ್ಲು ಬಿಸಿನೆಸ್ ಪ್ರೊಫೈಲ್ ಇದ್ದೋರಿಗೆ ಫ್ರೀ ವೆಬ್‌ಸೈಟ್ ಕೊಡ್ತಿದ್ರು, 2024ರ ಮಾರ್ಚಲ್ಲಿ ಅದನ್ನ ನಿಲ್ಸೇ ಬಿಟ್ರು. ಇನ್ನೊಬ್ರ ಜಗಲೀಲಿ ಕೂತು ವ್ಯಾಪಾರ ಮಾಡೋದು ಅಷ್ಟೇ. ಪ್ರೊಫೈಲ್ ಮಾತ್ರ ಈಗಲೂ ಫ್ರೀ, ಮ್ಯಾಪಲ್ಲಿ ಬರತ್ತೆ, ಇವತ್ತೇ ಮಾಡಿ.

ನಿಮ್ ಪುಟದಲ್ಲಿ ಬರೆಯೋದನ್ನ ಆ ಬೆಂಗಳೂರಿನವ್ರಿಗೆ ಬಿಡ್ಬೇಡಿ ಅಕ್ಕಾ. ಶುದ್ಧ, ಸಾಂಪ್ರದಾಯಿಕ, ಅಜ್ಜಿಯ ಕೈರುಚಿ ಅಂತ ಎಲ್ಲರ ಸೈಟಲ್ಲೂ ಇರೋದನ್ನೇ ತುಂಬ್ಸಿ ಕೊಡ್ತಾರೆ. ನಿಮ್ ಗಿರಾಕಿ ಮಲೆನಾಡು ಬಿಟ್ಟು ಹೋದೋರು, ಅವ್ರು ಕೇಳೋದೇ ಬೇರೆ: ಜೀರಿಗೆ ಪರಿಮಳದ ಮಿಡಿನಾ, ಮರದಿಂದ ಕೊಯ್ದಿದ್ದಾ ಉದುರಿದ್ದಾ, ಎಷ್ಟ್ ದಿನ ಉಪ್ಪಲ್ಲಿತ್ತು, ಹಪ್ಪಳಕ್ಕೆ ಹಾಕಿದ ಹಲಸು ಗಟ್ಟಿ ತೊಳೆಯ ಬಕ್ಕೆನಾ ಮೆತ್ತನೆ ಬಿಳುವನಾ. ಫೋನಲ್ಲಿ ನೀವ್ ಹೆಂಗೆ ಉತ್ತರ ಕೊಡ್ತೀರೋ ಅದನ್ನೇ ರೆಕಾರ್ಡ್ ಮಾಡ್ಕೊಂಡು ಮಗಳ ಕೈಲಿ ಬರೆಸಿ, ಅದೇ ಪುಟ ಆಯ್ತು. ಒಂದು ಎಚ್ಚರಿಕೆ, ಲೇಬಲ್ ಮಾಡಿದ ಪ್ರಿಂಟಿಂಗ್ ಪ್ರೆಸ್ಸಿನವ್ರ ಹತ್ರ ಇರೋ ಕನ್ನಡ ಹಳೇ ನುಡಿ ಫಾಂಟಲ್ಲಿದ್ರೆ ಸೈಟಿಗೆ ಹಾಕಿದಾಗ ಜಿಲೇಬಿ ಥರ ಏನೇನೋ ಅಕ್ಷರ ಕಾಣತ್ತೆ, ಯೂನಿಕೋಡಿಗೆ, ಅಂದ್ರೆ ಎಲ್ಲಾ ಫೋನಲ್ಲೂ ಸರಿಯಾಗಿ ಕಾಣೋ ಅಕ್ಷರಕ್ಕೆ, ಬದಲಾಯ್ಸಿ ಹಾಕ್ಬೇಕು. ಕನ್ನಡನ ಫೋಟೋ ಮಾಡಿ ಅಂಟ್ಸೋದೂ ಬೇಡ, ಪಠ್ಯವಾಗೇ ಇದ್ರೆ ಹುಡುಕಿದೋರಿಗೆ ಸರಿಯಾಗಿ ಸಿಗತ್ತೆ. ಫೋಟೋ ನಿಮ್ ಫೋನಲ್ಲೇ, ಬೆಳಗ್ಗೆ ಜಗಲಿ ಬೆಳಕಲ್ಲಿ, ಫ್ಲ್ಯಾಶ್ ಇಲ್ದೆ. ಆದ್ರೆ ನಾಲ್ಕೈದು ಎಂಬಿ ಫೋಟೋನ ಹಂಗೇ ಹಾಕಿದ್ರೆ ನಮ್ಮೂರಿನ ನೆಟ್‌ವರ್ಕಲ್ಲಿ ಸೈಟ್ ತೆಗೆಯೋಷ್ಟ್ರಲ್ಲಿ ಹಪ್ಪಳ ಕರಿದು ತಿಂದಾಗಿರತ್ತೆ, 200 ಕೆಬಿ ಒಳಗೆ ಇಳ್ಸಿ.

ಲೆಕ್ಕದ ವಿಷ್ಯ. ಮುಂದೆ ಸೈಟಲ್ಲೇ ದುಡ್ಡು ತಗೋಬೇಕು ಅಂದ್ರೆ ಪೇಮೆಂಟ್ ಗೇಟ್‌ವೇನವ್ರು ಸಾಮಾನ್ಯವಾಗಿ 2% ಹಿಡೀತಾರೆ, ಅದ್ರ ಮೇಲೆ 18% ಜಿಎಸ್‌ಟಿ, ಅಂದ್ರೆ 500 ರೂಪಾಯಿ ಆರ್ಡರಿಗೆ 11 ರೂಪಾಯಿ 80 ಪೈಸೆ. ಅದು ದೊಡ್ಡದಲ್ಲ, ದೊಡ್ಡದು ಕೊರಿಯರು. ಬರಿ ತೂಕ ನೋಡಲ್ಲ ಅವ್ರು, ಡಬ್ಬಿ ಉದ್ದ ಅಗಲ ಎತ್ತರನ ಸೆಂಟಿಮೀಟರಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿ, ಬಂದಿದ್ದನ್ನ ಕೆಜಿ ಅಂತ ಹಿಡೀತಾರೆ. ಒಂದು ಕೆಜಿ ಹಪ್ಪಳನ 30, 30, 20 ಸೆಂಟಿಮೀಟರ್ ಡಬ್ಬೀಲಿ ಹಾಕಿದ್ರೆ 3.6 ಕೆಜಿ ಲೆಕ್ಕ! ನಾನು ಹುಡಿ ಪ್ಯಾಕೆಟ್ಟಲ್ಲಿ ಮೊದಲ ಆರು ತಿಂಗಳು ಹಿಂಗೇ ಲಾಸ್ ಮಾಡ್ಕೊಂಡೆ. ಡಬ್ಬಿ ಸೈಜ್ ನಿರ್ಧಾರ ಆಗ್ದೆ ಸೈಟಲ್ಲಿ ರೇಟ್ ಹಾಕ್ಬೇಡಿ.

ಆಹಾರ ಸುರಕ್ಷತಾ ಇಲಾಖೆ ಎಫ್‌ಎಸ್‌ಎಸ್‌ಎಐ ಕೊಡೋ 14 ಅಂಕಿ ನಂಬರ್, ನಿಮ್ ವಿಳಾಸ, ನಿವ್ವಳ ತೂಕ, ಎಂಆರ್‌ಪಿ ಪುಟದಲ್ಲಿ ಕಾಣ್ಬೇಕು. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಉಪ್ಪಿನಕಾಯಿಗೆ ಇದೆ, ಹೊರರಾಜ್ಯಕ್ಕೆ ಸ್ವಂತ ಸೈಟಿಂದ ಕಳ್ಸೋದಾದ್ರೆ ವ್ಯಾಪಾರ ಸಣ್ಣದಿದ್ರೂ ಉಪ್ಪಿನಕಾಯಿಗೆ ಜಿಎಸ್‌ಟಿ ನೋಂದಣಿ ಕೇಳತ್ತೆ, ಅದನ್ನ ನಿಮ್ ಆಡಿಟರ್ ಹತ್ರ ಕೂತು ಬಗೆಹರಿಸ್ಕೊಳಿ.

ಕೊನೇದಾಗಿ ಆ ಕೋಟೇಶನ್. ಎಸ್‌ಎಸ್‌ಎಲ್, ಅಂದ್ರೆ ಸೈಟ್ ವಿಳಾಸಕ್ಕೆ https ಬರೋ ಭದ್ರತೆ, ಅಂತ ಬೇರೆ ದುಡ್ಡು ಹಾಕಿದ್ರೆ ತೆಗೆಸಿ, ಅದು ಫ್ರೀ ಸಿಗತ್ತೆ. ಗೂಗಲಲ್ಲಿ ಮೊದಲನೇ ನಂಬರ್ ಗ್ಯಾರಂಟಿ ಅಂತಿದ್ರೆ ಅಲ್ಲೇ ಕೈಮುಗೀರಿ, ಯಾರೂ ಹಂಗೆ ಗ್ಯಾರಂಟಿ ಕೊಡಕ್ಕಾಗಲ್ಲ ಅಂತ ಗೂಗಲ್‌ನವ್ರೇ ಹೇಳ್ತಾರೆ. ವರ್ಷದ ಮೇಂಟೆನೆನ್ಸ್ ಅಂದ್ರೆ ಏನ್ ಮಾಡ್ತಾರೆ ಬರೆದು ಕೇಳಿ, ಕೆಲ್ಸ ಮುಗಿದ ದಿನ ಎಲ್ಲಾ ಲಾಗಿನ್ನು, ಸೈಟಿನ ಬ್ಯಾಕಪ್ಪು ನಿಮ್ ಕೈಗೆ ಬರ್ಬೇಕು ಅಂತಾನೂ ಬರೆಸಿ, ಅರ್ಧ ದುಡ್ಡು ಅಲ್ಲಿವರೆಗೂ ಇಟ್ಕೊಳಿ.

ಫೆಬ್ರವರಿ ಬಂತು ಅಂದ್ರೆ ಮಿಡಿ ಗಡಿಬಿಡಿ, ಆಗ ನಿಮಗೆ ತಲೆ ಎತ್ತಕ್ಕೂ ಪುರುಸೊತ್ತಿರಲ್ಲ, ಹಾಗಾಗಿ ಈ ತಿಂಗಳೇ ಡೊಮೇನ್ ತಗೊಂಡ್ಬಿಡಿ. ಕೋಟೇಶನ್ನನ್ನ ಹೆಸರು, ನಂಬರ್ ಅಳಿಸಿ ಇಲ್ಲೇ ಹಾಕಿ, ನಾಳೆ ಸಂಜೆ ನೋಡಿ ಹೇಳ್ತೀನಿ, ಬೆಳಗ್ಗೆ ಅಡಿಕೆ ಕೊನೆ ಕೊಯ್ಲಿಗೆ ಆಳು ಬರ್ತಾರೆ.