ಚಿಕ್ಕಮಗಳೂರಿನಿಂದ ಕಾಪು ಕಡೆಗೆ ಎರಡು ದಿನ: ಎಸಿ ಇಲ್ಲದ ಹಂಚಿನ ಮನೆಯಲ್ಲಿ ಉಳಿಯಬಹುದಾ?

ಕಾಪು ಹತ್ತಿರ ಕಡಲ ಪಕ್ಕದಲ್ಲೇ ಹಳೇ ಹಂಚಿನ ಮನೆಯೊಂದು ಬಾಡಿಗೆಗೆ ಸಿಗುತ್ತಿದೆ, ಎಸಿ ಇಲ್ಲ, ಮಕ್ಕಳನ್ನು ಕರೆದುಕೊಂಡು ಶನಿವಾರ-ಭಾನುವಾರ ಹೋಗಬಹುದಾ ಅಂತ ಕೇಳಿದ್ದೀರಿ. ನಾನೂ ಚಿಕ್ಕಮಗಳೂರಿನವನೇ. ಹೋದ ಡಿಸೆಂಬರಿನಲ್ಲಿ ಹೆಂಡತಿ, ಮಕ್ಕಳು, ಅಮ್ಮನ ಜೊತೆ ಅಂಥದ್ದೇ ಮನೆಯಲ್ಲಿ ಎರಡು ರಾತ್ರಿ ಇದ್ದು ಬಂದೆ. ಖಂಡಿತ ಹೋಗಿ. ಆದರೆ ಸೆಖೆಗೆ ತಯಾರಾಗಿ ಹೋಗಿ.

ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೆ ಇರುವವರು ನಾವು. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನುವಾಗ ಅಮ್ಮ ಸ್ವೆಟರ್ ಹಾಕಿಕೊಂಡಿದ್ದರು. ಚಾರ್ಮಾಡಿ ಇಳಿದು ಉಜಿರೆ ಬರುವಷ್ಟರಲ್ಲಿ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು.

ಮಜಾ ಅಂದರೆ, ಸಂಜೆ ಏನೂ ತೊಂದರೆ ಇಲ್ಲ. ಕಡಲ ಕಡೆಯಿಂದ ಗಾಳಿ ಬೀಸುತ್ತಾ ಇರುತ್ತದೆ, ಸ್ವರ್ಗ. ರಾತ್ರಿ ಎಂಟೂವರೆ-ಒಂಬತ್ತರ ಹೊತ್ತಿಗೆ ಅದು ಸ್ವಿಚ್ ಆರಿಸಿದ ಹಾಗೆ ನಿಂತುಬಿಡುತ್ತದೆ. ಬೆವರು, ಮೇಲೆ ಸೊಳ್ಳೆ. ಅದೇ ಹೊತ್ತಲ್ಲಿ ಮಕ್ಕಳನ್ನು ಮಲಗಿಸೋಕೆ ಹೋಗಿ ನಾವು ಪಾಡುಪಟ್ಟೆವು. ನೆಲ ತಣ್ಣಗಾದ ಮೇಲೆ, ಮಧ್ಯರಾತ್ರಿ ಕಳೆದು, ಗಾಳಿ ನೆಲದ ಕಡೆಯಿಂದ ಕಡಲಿಗೆ ತಿರುಗಿ ಬೀಸಲು ಶುರುವಾಗುತ್ತದೆ. ಆಮೇಲೆ ಹೊದಿಕೆ ಹುಡುಕಬೇಕಾಯಿತು! ಎರಡನೇ ರಾತ್ರಿ ಬುದ್ಧಿ ಬಂತು: ಹನ್ನೊಂದರವರೆಗೆ ಅಂಗಳದಲ್ಲೇ ಚಾಪೆ ಹಾಕಿಕೊಂಡು ಕೂತೆವು.

ಮನೆಯವರಿಗೆ ಫೋನ್ ಮಾಡಿದಾಗ ಎರಡು ವಿಷಯ ಕೇಳಿ. ಕರೆಂಟ್ ಹೋದರೆ ಫ್ಯಾನ್ ತಿರುಗುತ್ತದಾ? ಸ್ನಾನದ ನೀರು ಸಪ್ಪೆಯಾ, ಉಪ್ಪಾ? ನಮಗೆ ಸಿಕ್ಕಿದ್ದು ಉಪ್ಪು ಬೆರೆತ ಬಾವಿ ನೀರು. ಸೋಪು ಎಷ್ಟು ಉಜ್ಜಿದರೂ ನೊರೆ ಇಲ್ಲ, ತಲೆಕೂದಲು ತೆಂಗಿನ ನಾರು. ಒಗೆದು ಹಾಕಿದ ಟವೆಲ್ ಎರಡು ದಿನವಾದರೂ ಒಣಗಲಿಲ್ಲ. ಹಾಂ, ಫೋಟೋ ನಂಬಬೇಡಿ. ಇದಕ್ಕೂ ಮುಂಚೆ ಇನ್ನೊಂದು ಕಡೆ ‘ಬಾಗಿಲಲ್ಲೇ ಕಡಲು’ ಅಂತ ನೋಡಿ ದುಡ್ಡು ಕಟ್ಟಿದ್ದೆ. ಹೋಗಿ ನೋಡಿದರೆ ನಡುವೆ ಒಂದು ರಸ್ತೆ, ಒಂದು ಕಾಂಪೌಂಡ್ ಗೋಡೆ.

ಊಟ ಮಾತ್ರ ಆ ಮನೆಯವರ ಕೈಯಲ್ಲೇ ಮಾಡಿಸಿ. ನಮ್ಮ ಮನೆಯೊಡತಿ ಹಿತ್ತಲ ಕಲ್ಲಿನ ಮೇಲೆ ಕೂತು ಬಂಗುಡೆ ಕ್ಲೀನ್ ಮಾಡುತ್ತಿದ್ದರು. ಕಿವಿರು ಕಿತ್ತು, ಹೊಟ್ಟೆ ಸೀಳಿ, ಉಪ್ಪು ಹಾಕಿ ಉಜ್ಜಿ ಮೂರು ನೀರಲ್ಲಿ ತೊಳೆಯೋದು. ಕಾಗೆ ಮೂರು ಅಡಿ ದೂರದಲ್ಲಿ ಕಾಯುತ್ತಾ ಕೂತಿತ್ತು. ಮಧ್ಯಾಹ್ನ ಅದರದ್ದೇ ಹುಳಿ-ಖಾರದ ಸಾರು, ಪುಳಿಮುಂಚಿ, ಜೊತೆಗೆ ಕುಚ್ಚಲಕ್ಕಿ ಅನ್ನ. ಮಗಳು ಅನ್ನ ನೋಡಿ ‘ಇದು ಬೆಂದಿಲ್ಲ’ ಅಂದಳು. ‘ಬೆಂದಿದೆ ಮಾರಾಯ್ತಿ, ತಿಂದು ನೋಡು’ ಅಂತ ಅವರು ನಕ್ಕರು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ಮೀನಿನ ಆಸೆ ಇದ್ದರೆ ಆ ಎರಡು ತಿಂಗಳು ಬಿಡಿ. ಮಳೆಗಾಲದ ಕಡಲಿಗೆ ಮಕ್ಕಳನ್ನು ಇಳಿಸೋಕಂತೂ ಆಗಲ್ಲ. ಏಪ್ರಿಲ್, ಮೇ ನಮ್ಮಂಥವರಿಗಲ್ಲ.

1901ರ ದೀಪಸ್ತಂಭಕ್ಕೆ ಸಂಜೆ ಹೋಗಿ ಬನ್ನಿ, ಎಲ್ಲರೂ ಹೋಗುತ್ತಾರೆ. ನನಗೆ ಅದಕ್ಕಿಂತ ಇಷ್ಟವಾಗಿದ್ದು ಬೆಳಗ್ಗೆ ಆರೂವರೆಗೆ ಕಂಡ ಕೈರಂಪಣಿ. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ, ಆಮೇಲೆ ದಡದಲ್ಲಿ ಎರಡೂ ತುದಿಯ ಹಗ್ಗ ಹಿಡಿದು ಜನ ಎಳೆಯುತ್ತಾರೆ. ನನ್ನ ಮಗನೂ ಹೋಗಿ ಹಗ್ಗ ಹಿಡಿದ. ಯಾರೂ ಬೇಡ ಅನ್ನಲಿಲ್ಲ. ಮುಕ್ಕಾಲು ಗಂಟೆ ಎಳೆದ ಮೇಲೆ ಬಂದದ್ದು ಒಂದೂವರೆ ಬುಟ್ಟಿ ಮೀನು, ಜಾಸ್ತಿ ಬೂತಾಯಿ. ಅವನ ಪಾಲಿಗೆ ನಾಲ್ಕು ಕೊಟ್ಟರು. ಅಂಗಿಯ ಮಡಿಲಲ್ಲಿ ಹಾಕಿಕೊಂಡು ಓಡಿ ಬಂದ. ಆ ಅಂಗಿ ಇನ್ನೂ ವಾಸನೆ ಬಿಟ್ಟಿಲ್ಲ.

ಸಾಧ್ಯವಾದರೆ ಶುಕ್ರವಾರ ಮಧ್ಯಾಹ್ನವೇ ಹೊರಡಿ. ಚಾರ್ಮಾಡಿಯಲ್ಲಿ ಮಂಜು ಬಿದ್ದರೆ ಮುಂದಿನ ಗಾಡಿಯ ದೀಪವೂ ಕಾಣಲ್ಲ, ಕತ್ತಲಾಗುವ ಮೊದಲು ಘಾಟಿ ಇಳಿದಿರಬೇಕು.