ಜಾಝ್ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್ ಎಲೆಕ್ಟ್ರಾನಿಕ್ ಸಂಗೀತಕ್ಕೆ ಬಂದಿದ್ದು ಹೇಗೆ?

ಸುಮ್ನೆ ಫ್ಯಾಷನ್‌ಗೆ ಅಂತ ಬಂದವರಲ್ಲ. 1940ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಇವರು 11ನೇ ವಯಸ್ಸಿಗೇ ಅಲ್ಲಿನ ಸಿಂಫನಿ ಆರ್ಕೆಸ್ಟ್ರಾ ಜೊತೆ ಮೊಜಾರ್ಟ್ ನುಡಿಸಿದ್ದರು. ಆದ್ರೂ ಕಾಲೇಜಿಗೆ ಸೇರಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದೋಕೆ! ವೈರು, ಸರ್ಕ್ಯೂಟಿನ ಹುಚ್ಚು ಮೊದಲಿಂದಲೂ ಇತ್ತು ಅನ್ನಿ.

1963ರಲ್ಲಿ ಹೆಸರಾಂತ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡ ಸೇರಿದರು. ಕೆಲವು ವರ್ಷಗಳ ನಂತರ ಒಂದಿನ ಸ್ಟುಡಿಯೋಗೆ ಹೋದರೆ ಮಾಮೂಲಿ ಪಿಯಾನೋನೇ ಇಲ್ಲ, ಮೂಲೆಯಲ್ಲಿದ್ದ ಎಲೆಕ್ಟ್ರಿಕ್ ಪಿಯಾನೋ ನುಡಿಸು ಅಂತ ಮೈಲ್ಸ್ ಹೇಳಿದರಂತೆ, ಇವರಿಗೆ ಅದು ಆಟಿಕೆ ಥರ ಕಂಡಿತ್ತಂತೆ, ಆದರೆ ಬೆರಳಿಟ್ಟ ಮೇಲೆ ಆ ನಾದ ಇಷ್ಟವಾಗಿಬಿಟ್ಟಿತು.

1973ರ 'ಹೆಡ್ ಹಂಟರ್ಸ್' ಆಲ್ಬಮ್ಮೇ ದೊಡ್ಡ ತಿರುವು. ಅದರ ಮೊದಲ ಹಾಡು 'ಕಮೀಲಿಯನ್' ಶುರುವಾಗುವಾಗ ಕೇಳುವ ಆ ದಪ್ಪ ಬೇಸ್ ಇದೆಯಲ್ಲ, ಅದು ಬೇಸ್ ಗಿಟಾರ್ ಅಲ್ಲ, ಹ್ಯಾನ್‌ಕಾಕ್ ಸಿಂಥಸೈಜರ್‌ನಲ್ಲಿ, ಅಂದ್ರೆ ಸರ್ಕ್ಯೂಟಿನಿಂದಲೇ ನಾದ ಹುಟ್ಟಿಸುವ ಕೀಬೋರ್ಡಿನಲ್ಲಿ ನುಡಿಸಿದ್ದು. ಆಲ್ಬಮ್ ಹತ್ತು ಲಕ್ಷಕ್ಕೂ ಜಾಸ್ತಿ ಪ್ರತಿ ಮಾರಾಟವಾಯಿತು. ಜಾಝ್‌ಗೆ ಇದು ಸಣ್ಣ ಮಾತಲ್ಲ. ಹಣಕ್ಕಾಗಿ ಜಾಝ್ ಬಿಟ್ಟರು ಅಂತ ಬೈದವರೂ ಇದ್ದರು. ನನಗಂತೂ ಆ ದೂರು ಒಪ್ಪಿಗೆಯಿಲ್ಲ, ಯಾಕಂದ್ರೆ ಅದೇ ದಶಕದಲ್ಲಿ ವಿ.ಎಸ್.ಒ.ಪಿ. ತಂಡ ಕಟ್ಟಿಕೊಂಡು ಮಾಮೂಲಿ ಪಿಯಾನೋದಲ್ಲೇ ಅಪ್ಪಟ ಜಾಝ್ ಕೂಡ ನುಡಿಸಿದ್ದಾರೆ.

ಆಮೇಲೆ 1983ರ 'ರಾಕಿಟ್' ಹಾಡು. ಅದರಲ್ಲಿ ಟರ್ನ್‌ಟೇಬಲ್ ಸ್ಕ್ರಾಚಿಂಗನ್ನೇ (ತಿರುಗೋ ರೆಕಾರ್ಡನ್ನ ಕೈಯಿಂದ ಹಿಂದೆ ಮುಂದೆ ಎಳೆದು ಸದ್ದು ಮಾಡೋದು) ವಾದ್ಯದ ಹಾಗೆ ಬಳಸಿ, ಹಿಪ್‌ಹಾಪ್ ಗೊತ್ತಿಲ್ಲದವರ ಕಿವಿಗೂ ಆ ಸದ್ದು ಮುಟ್ಟಿಸಿದರು. ಗ್ರ್ಯಾಮಿಯೂ ಬಂತು. ಕೇಳೋಕೆ ಶುರು ಮಾಡೋದಾದ್ರೆ 'ಹೆಡ್ ಹಂಟರ್ಸ್' ಹಾಕಿ, ಹೆಡ್‌ಫೋನ್ ಇದ್ದರೆ ಇನ್ನೂ ಒಳ್ಳೇದು.